ಕಿವಿಯೊಳಗಿನ ನಾಡಿಮಿಡಿತ ಮತ್ತು ಶಸ್ತ್ರಚಿಕಿತ್ಸೆಯ ನಿಜವಾದ ಫಲಿತಾಂಶ



ಕಿವಿಯಲ್ಲಿ ಸದ್ದು ಕೇಳಿಸುತ್ತದೆಂದು ಯಾರಾದರೂ ಹೇಳಿಕೊಂಡರೆ ನಮ್ಮ ಸೀಮೆಯಲ್ಲಿ ಸಿದ್ಧವಾಗಿರುವ ಉತ್ತರಗಳು ಎರಡು. ‘ವಾಯು ಇರಬೇಕು, ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡು’ ಎಂಬುದು ಮೊದಲನೆಯದು. ‘ವಯಸ್ಸಾಯಿತು, ಅಭ್ಯಾಸ ಮಾಡಿಕೋ’ ಎಂಬುದು ಎರಡನೆಯದು. ಮೊದಲನೆಯದನ್ನು ನೆರೆಹೊರೆಯವರು ಹೇಳುತ್ತಾರೆ. ಎರಡನೆಯದನ್ನು ಒಮ್ಮೊಮ್ಮೆ ವೈದ್ಯರೂ ಹೇಳುವುದುಂಟು. ಈ ಎರಡು ಉತ್ತರಗಳ ನಡುವೆ ಒಂದು ಬಗೆಯ ರೋಗಿಗಳು ವರ್ಷಗಟ್ಟಲೆ ಸಿಲುಕಿ ನರಳುತ್ತಾರೆ. ಅವರ ಪರವಾಗಿ ಈ ಲೇಖನ.

ಪಾವಗಡ ತಾಲ್ಲೂಕಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ದೂರವಾಣಿಯಲ್ಲಿ ಕೇಳಿದಳು: “ಸಾರ್, ಬಲಗಿವೀಲಿ ನಾಡಿ ಹೊಡ್ಕೊಂಡ ಹಾಗೆ ದಬ್ ದಬ್ ಅಂತ ಸದ್ದು. ಆಪರೇಷನ್ ಮಾಡಿದ್ರೆ ಹೋಗುತ್ತೆ ಅಂತಾರೆ. ಹೋದದ್ದು ಹೋಗೇ ಇರುತ್ತಾ?” ನಾನು ವೈದ್ಯನಲ್ಲ. ಆದರೆ ಪ್ರಶ್ನೆಯ ಎರಡನೆಯ ಭಾಗ ನನ್ನನ್ನು ಓದಲು ಹಚ್ಚಿತು. ಎಷ್ಟು ಸರಿಯಾದ ಪ್ರಶ್ನೆ ಅದು!

ಕಿವಿಮೊರೆತದಲ್ಲಿ ಮುಖ್ಯವಾಗಿ ಎರಡು ಬಗೆ. ಜೀರುಂಡೆಯಂತೆ, ಸೀಟಿಯಂತೆ ಒಂದೇ ಸಮನೆ ಕೇಳಿಸುವುದು ಮೊದಲ ಬಗೆ. ಇದೇ ಹೆಚ್ಚು. ವಯಸ್ಸಿನಿಂದ, ಅಥವಾ ಕಲ್ಲು ಕ್ವಾರಿ, ಗಿರಣಿ, ಬೋರ್‌ವೆಲ್ ಕೊರೆಯುವ ಯಂತ್ರಗಳ ಅಬ್ಬರದಿಂದ ಒಳಗಿವಿಯ ಸೂಕ್ಷ್ಮ ಜೀವಕೋಶಗಳು ಸವೆದಾಗ ಇದು ಬರುತ್ತದೆ. ಇದಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಇಲ್ಲ. ಶ್ರವಣಸಾಧನ ಹಾಗೂ ಆಪ್ತಸಲಹೆಗಳಿಂದ ಸಹ್ಯವಾಗುತ್ತದೆ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕೇಂದ್ರ ನಮ್ಮ ರಾಜ್ಯದಲ್ಲಿಯೇ ಇರುವುದು ನಮ್ಮ ಭಾಗ್ಯ.

ಎರಡನೆಯ ಬಗೆಯೇ ನಮ್ಮ ವಿಷಯ. ಇಲ್ಲಿ ಸದ್ದು ನಾಡಿಯೊಡನೆ ತಾಳ ಹಾಕುತ್ತದೆ. ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ಎರಡೂ ಒಂದೇ ಲಯ. ವೈದ್ಯರು ಇದನ್ನು ಪಲ್ಸಟೈಲ್ ಟಿನಿಟಸ್ ಎನ್ನುತ್ತಾರೆ. ಇದು ಬಹುಮಟ್ಟಿಗೆ ಭ್ರಮೆಯ ಸದ್ದಲ್ಲ. ಕಿವಿಯ ಸಮೀಪದಲ್ಲಿ ರಕ್ತ ಹರಿಯುವ ನಿಜವಾದ ಸದ್ದು. ತೂಬಿನ ಬಾಯಿ ಕಿರಿದಾದರೆ ನೀರು ಮೊರೆಯುವುದನ್ನು ಕೆರೆಯ ದಡದಲ್ಲಿ ಬೆಳೆದ ನಿಮಗೆ ವಿವರಿಸಬೇಕಿಲ್ಲ. ರಕ್ತನಾಳ ಕಿರಿದಾದರೆ, ಅದರ ಗೋಡೆ ಉಬ್ಬಿದರೆ, ಅದಕ್ಕೂ ಕಿವಿಗೂ ನಡುವಿನ ಮೂಳೆ ತೆಳುವಾದರೆ ಅಥವಾ ರಕ್ತದ ವೇಗ ಹೆಚ್ಚಿದರೆ ಆ ಸದ್ದು ಕಿವಿಗೆ ತಲುಪುತ್ತದೆ.

ವೇಗ ಹೆಚ್ಚುವ ಕಾರಣಗಳಲ್ಲಿ ರಕ್ತಹೀನತೆಯೂ ಥೈರಾಯ್ಡ್ ದೋಷವೂ ಸೇರಿವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಆದ್ದರಿಂದ ನನ್ನ ಮೊದಲ ಅಭಿಪ್ರಾಯ ಇದು: ಬೆಂಗಳೂರಿನ ಬಸ್ಸು ಹತ್ತುವ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿಯೇ ರಕ್ತದ ಪರೀಕ್ಷೆ, ರಕ್ತದೊತ್ತಡ, ಕಿವಿಯ ತಪಾಸಣೆ ಆಗಬೇಕು. ವೈದ್ಯರು ಕಿವಿಯ ಹಿಂದೆ, ಕತ್ತಿನ ಮೇಲೆ ಸ್ಟೆತೊಸ್ಕೋಪ್ ಇಟ್ಟು ಆಲಿಸಬೇಕು. ಕತ್ತಿನ ಆ ಪಕ್ಕವನ್ನು ಅವರು ಮೆಲ್ಲನೆ ಒತ್ತಿದಾಗ ಸದ್ದು ನಿಂತರೆ ಅದು ಅಭಿಧಮನಿಯದೆಂಬ ಸುಳಿವು. (ನೀವೇ ಒತ್ತಿ ನೋಡಬೇಡಿ, ವಯಸ್ಸಾದವರಿಗೆ ಅದು ಅಪಾಯ.)

ಕಣ್ಣಿನ ಪರೀಕ್ಷೆಯೂ ಅಷ್ಟೇ ಮುಖ್ಯ. ತಲೆಬುರುಡೆಯೊಳಗಿನ ಒತ್ತಡ ಏರಿದಾಗಲೂ ಈ ಸದ್ದು ಬರುತ್ತದೆ. ಜೊತೆಗೆ ತಲೆನೋವು, ಬಗ್ಗಿದಾಗ ಕ್ಷಣಕಾಲ ಕಣ್ಣು ಮಂಜಾಗುವುದು ಇರಬಹುದು. ತೂಕ ಹೆಚ್ಚಿರುವ ಯುವತಿಯರಲ್ಲಿ ಇದು ಹೆಚ್ಚು. ಅಲಕ್ಷಿಸಿದರೆ ದೃಷ್ಟಿಯೇ ಹೋಗಬಹುದು. ಕಣ್ಣಿನ ಹಿಂಭಾಗದ ನರ ಊದಿಕೊಂಡಿರುವುದನ್ನು ನೇತ್ರವೈದ್ಯರು ಕೆಲವೇ ನಿಮಿಷಗಳಲ್ಲಿ ಕಾಣಬಲ್ಲರು. ಕಿವಿಯ ದೂರಿಗೆ ಕಣ್ಣಿನ ವೈದ್ಯರ ಬಳಿಗೆ ಹೋಗುವುದು ವಿಚಿತ್ರವೆನಿಸಿದರೂ ಅದೇ ಕೆಲವೊಮ್ಮೆ ಬಾಳನ್ನು ಕಾಯುತ್ತದೆ.

ಇನ್ನು ಶಸ್ತ್ರಚಿಕಿತ್ಸೆ. ಇದು ಒಂದೇ ಚಿಕಿತ್ಸೆಯಲ್ಲ, ಕಾರಣದಂತೆ ಬೇರೆ ಬೇರೆ. ಹಿಂದೆ ಕತ್ತಿನ ದೊಡ್ಡ ಅಭಿಧಮನಿಯನ್ನೇ ಕಟ್ಟಿಬಿಡುತ್ತಿದ್ದರು. ಆರಂಭದಲ್ಲಿ ಸದ್ದು ನಿಂತಂತಾಗಿ ಹಲವರಲ್ಲಿ ಮರಳಿ ಬರುತ್ತಿತ್ತು. ತಲೆಯೊಳಗಿನ ಒತ್ತಡ ಏರುವ ಭಯವೂ ಇತ್ತು. ಆದ್ದರಿಂದ ಅದು ಬಹುಮಟ್ಟಿಗೆ ಕೈಬಿಟ್ಟ ಪದ್ಧತಿ. ಮರುದಿನದ ನಗುವನ್ನು ನೋಡಿ ಚಿಕಿತ್ಸೆಯ ಬೆಲೆ ಕಟ್ಟಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಕಿವಿಯ ಹಿಂದಿನ ಸಿಗ್ಮಾಯ್ಡ್ ಸೈನಸ್ ಎಂಬ ರಕ್ತನಾಲೆಯ ಮೂಳೆಗೋಡೆ ತೆಳುವಾಗಿ ಅಥವಾ ಉಬ್ಬಿಕೊಂಡು ಸದ್ದಾಗುತ್ತಿದ್ದರೆ ಆ ಗೋಡೆಯನ್ನು ಪುನಃ ಕಟ್ಟುತ್ತಾರೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಡಾ. ಐಸನ್‌ಮನ್ 2011ರಲ್ಲಿ ಇದರ ಫಲಿತಾಂಶ ಪ್ರಕಟಿಸಿದ ಮೇಲೆ ಇದು ಹೆಚ್ಚು ಪ್ರಚಾರಕ್ಕೆ ಬಂತು. ಸರಿಯಾಗಿ ಆರಿಸಿದ ರೋಗಿಗಳಲ್ಲಿ ಹೆಚ್ಚಿನವರಿಗೆ ಗುಣ ಸಿಗುತ್ತದೆ. ಆದರೆ ಅದೇ ನಾಲೆ ಅಮುಕಿಹೋದರೆ ಅಥವಾ ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಹೊಸ ತೊಂದರೆ. ಮಿದುಳಿನ ಅಭಿಧಮನಿ ಕಿರಿದಾಗಿದ್ದಲ್ಲಿ ಒಳಗೆ ಲೋಹದ ಜಾಲರಿಯನ್ನಿಟ್ಟು ಹಿಗ್ಗಿಸುವ ಕ್ರಮವೂ ಇದೆ. ತಲೆಯೊಳಗಿನ ಒತ್ತಡಕ್ಕಾಗಿ ಇದನ್ನು ಮಾಡಿದ ಮೊದಲ ವರದಿ 2002ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ಬಂತು. ಇದರಲ್ಲಿ ಸದ್ದು ಬಹುತೇಕ ಬೇಗನೆ ನಿಲ್ಲುತ್ತದೆ. ಆದರೆ ರಕ್ತ ಹೆಪ್ಪುಗಟ್ಟದಂತೆ ತಿಂಗಳುಗಟ್ಟಲೆ ಮಾತ್ರೆ ತಪ್ಪದೆ ನುಂಗಬೇಕು, ಕೆಲವರಲ್ಲಿ ಜಾಲರಿಯ ಪಕ್ಕದಲ್ಲಿಯೇ ನಾಳ ಮತ್ತೆ ಕಿರಿದಾಗುತ್ತದೆ.

ಮಿದುಳಿನ ಹೊದಿಕೆಯಲ್ಲಿ ಅಪಧಮನಿ ಮತ್ತು ಅಭಿಧಮನಿಗಳು ನೇರವಾಗಿ ಬೆಸೆದುಕೊಂಡು ಸದ್ದಾಗುತ್ತಿದ್ದರೆ ಮಾತ್ರ ತಡ ಮಾಡುವಂತಿಲ್ಲ. ಕೆಲವು ಬಗೆಗಳಲ್ಲಿ ಮಿದುಳಿನ ರಕ್ತಸ್ರಾವದ ಅಪಾಯವಿದೆ. ತೆಳುವಾದ ನಳಿಕೆಯ ಮೂಲಕ ಅಂಟುದ್ರವ ತುಂಬಿ ಅದನ್ನು ಮುಚ್ಚುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂತಹ ಚಿಕಿತ್ಸೆಯ ವಿಭಾಗವಿದೆ. ಮಧ್ಯಕಿವಿಯ ಗ್ಲೋಮಸ್ ಗೆಡ್ಡೆಯ ಕತೆ ಇದಕ್ಕೆ ವಿರುದ್ಧ. ಅದು ನಿಧಾನವಾಗಿ ಬೆಳೆಯುತ್ತದೆ. ದೊಡ್ಡದಾದಾಗ ಕತ್ತರಿಸಹೋದರೆ ಮುಖದ ಹಾಗೂ ನುಂಗುವ ನರಗಳಿಗೆ ಪೆಟ್ಟಾಗಬಹುದು. ಆದ್ದರಿಂದ ವಯಸ್ಸಾದವರಲ್ಲಿ ಕಾದು ನೋಡುವುದೂ ಒಂದು ಚಿಕಿತ್ಸೆಯೇ. ಅದು ವರ್ಷಗಳ ಅನಂತರ ಮರುಕಳಿಸುವುದೂ ಉಂಟು.

ಈಗ ‘ಹೋದದ್ದು ಹೋಗೇ ಇರುತ್ತಾ?’ ಎಂಬ ಪ್ರಶ್ನೆ. ಪ್ರಪಂಚದ ವೈದ್ಯರು ಬರೆದಿರುವ ವರದಿಗಳಲ್ಲಿ ಹೆಚ್ಚಿನವು ಕೆಲವೇ ರೋಗಿಗಳನ್ನು ಕುರಿತವು. ಅವರನ್ನು ಗಮನಿಸಿದ ಅವಧಿಯೂ ಬಹಳಷ್ಟು ಕಡೆ ಕೆಲವು ತಿಂಗಳು ಅಥವಾ ಒಂದೆರಡು ವರ್ಷ. ಹತ್ತು ವರ್ಷಗಳ ಲೆಕ್ಕ ವಿರಳ. ಇಲ್ಲಿ ನನಗೆ ಎಸ್.ಎಸ್.ಎಲ್.ಸಿ. ಫಲಿತಾಂಶ ನೆನಪಾಗುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಪಾಠ ಹೇಳಿದವರಿಗೆಲ್ಲ ಗೊತ್ತು: ಶೇಕಡಾವಾರು ಲೆಕ್ಕ ಪರೀಕ್ಷೆಗೆ ಕುಳಿತವರದು. ಎಂಟನೆಯ ತರಗತಿಯಲ್ಲಿಯೇ ಶಾಲೆ ಬಿಟ್ಟು ಕುರಿ ಕಾಯಲು ಹೋದ ಹುಡುಗ ಉತ್ತೀರ್ಣನೂ ಅಲ್ಲ, ಅನುತ್ತೀರ್ಣನೂ ಅಲ್ಲ; ಅವನು ಪಟ್ಟಿಯಲ್ಲಿಯೇ ಇಲ್ಲ. ಶಸ್ತ್ರಚಿಕಿತ್ಸೆಯ ಫಲಿತಾಂಶದಲ್ಲಿಯೂ ಹಾಗೆಯೇ. ಮರುತಪಾಸಣೆಗೆ ಬರದ ರೋಗಿ ಲೆಕ್ಕದಿಂದ ಜಾರಿಹೋಗುತ್ತಾನೆ. ಹಾಗೆ ಜಾರುವವರು ಯಾರು? ಬೆಂಗಳೂರಿನ ಬಡಾವಣೆಯವರಲ್ಲ. ಮೂರು ಕಡೆ ಆಂಧ್ರ ಸುತ್ತುವರಿದ ಪಾವಗಡದಿಂದ, ಒಂದು ದಿನದ ಕೂಲಿಯನ್ನೂ ಇಬ್ಬರ ಬಸ್ ಚಾರ್ಜನ್ನೂ ಕಳೆದುಕೊಂಡು ಬರಬೇಕಾದವರು.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಡಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ಕೊಟ್ಟಿತು. ಅದು ದೊಡ್ಡ ಮಾತೇ ಸರಿ. ಆದರೆ ಚಿಕಿತ್ಸೆ ಎಂದರೆ ಮೇಜಿನ ಮೇಲಿನ ನಾಲ್ಕು ಗಂಟೆಯಷ್ಟೇ ಅಲ್ಲ. ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗಳು ಒಂದು, ಮೂರು, ಐದನೆಯ ವರ್ಷಗಳಲ್ಲಿ ರೋಗಿಗೆ ತಾವಾಗಿಯೇ ದೂರವಾಣಿ ಮಾಡಿ ವಿಚಾರಿಸಬೇಕು. ಶ್ರವಣ ಹಾಗೂ ಕಣ್ಣಿನ ಮರುಪರೀಕ್ಷೆಯನ್ನು ತಾಲ್ಲೂಕು ಇಲ್ಲವೇ ಜಿಲ್ಲಾ ಆಸ್ಪತ್ರೆಯಲ್ಲಿ ಮಾಡಿಸಿ ವರದಿ ತರಿಸಿಕೊಳ್ಳಬೇಕು. ರೋಗಿಯೇ ಬರಬೇಕಾದಾಗ ಪ್ರಯಾಣದ ವೆಚ್ಚ ಭರಿಸಬೇಕು. ಮನೆಮನೆಯಲ್ಲಿ ಮೊಬೈಲ್ ಇರುವ ಕಾಲದಲ್ಲಿ ಇದು ಅಸಾಧ್ಯದ ಬೇಡಿಕೆಯಲ್ಲ.

ನಮ್ಮ ಕಡೆಯಿಂದಲೂ ಕರ್ತವ್ಯವಿದೆ. ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು ವೈದ್ಯರನ್ನು ವಿನಯದಿಂದಲೇ ಕೇಳಿ: ಸದ್ದಿನ ಕಾರಣ ಸ್ಕ್ಯಾನಿನಲ್ಲಿ ಖಚಿತವಾಗಿ ಕಂಡಿದೆಯೇ? ಮಾಡಿಸದೆ ಬಿಟ್ಟರೆ ಪ್ರಾಣಕ್ಕೆ, ದೃಷ್ಟಿಗೆ ಅಪಾಯವೇ, ಅಥವಾ ಕೇವಲ ಕಿರಿಕಿರಿಯೇ? ತಾವು ಮಾಡಿದವರಲ್ಲಿ ಐದು ವರ್ಷ ಕಳೆದವರು ಹೇಗಿದ್ದಾರೆ? ಒಳ್ಳೆಯ ವೈದ್ಯರು ಇಂತಹ ಪ್ರಶ್ನೆಗೆ ಸಿಡುಕುವುದಿಲ್ಲ. ಕಾರಣ ಕಾಣದ ಸದ್ದಿಗೆ ಕತ್ತಿ ಹಿಡಿಯುವುದು ಬೇಡ. ಕಾರಣ ಕಂಡ ಸದ್ದಿಗೆ ‘ಅಭ್ಯಾಸ ಮಾಡಿಕೋ’ ಎನ್ನುವುದೂ ಬೇಡ. ಗುಣವಾದವರು ಕೂಡ, ‘ಗುಣವಾಯಿತಲ್ಲ, ಇನ್ನೇಕೆ’ ಎನ್ನದೆ ಮರುತಪಾಸಣೆಗೆ ಹೋಗಬೇಕು. ನೀವು ಕೊಡುವ ಆ ಒಂದು ಉತ್ತರ, ನಾಳೆ ಅದೇ ಪ್ರಶ್ನೆ ಹೊತ್ತು ಬರುವ ಮತ್ತೊಬ್ಬಳಿಗೆ ದಾರಿದೀಪ.

ನಿಮ್ಮಲ್ಲಿ ವೈದ್ಯರಾದವರೂ, ದಾದಿಯರಾದವರೂ ಇದ್ದೀರಿ. ನಾನು ಬರೆದುದರಲ್ಲಿ ತಿದ್ದುವುದಿದ್ದರೆ ಸಂಕೋಚವಿಲ್ಲದೆ ತಿದ್ದಿ.