ತುಂಬು ಜೀವನದ ಸಾವು

ಅಜ್ಜಿ ತೀರಿಕೊಂಡ ಮನೆಗೆ ಮಾತನಾಡಿಸಲು ಬರುವವರೆಲ್ಲ ಹೆಚ್ಚುಕಡಿಮೆ ಒಂದೇ ಮಾತನ್ನು ಹೇಳುತ್ತಾರೆ. “ತುಂಬು ಜೀವನ ನಡೆಸಿದರು, ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳನ್ನು ಕಂಡರು, ಹಾಸಿಗೆ ಹಿಡಿದು ನರಳಲಿಲ್ಲ, ಪುಣ್ಯದ ಸಾವು.” ಈ ಮಾತಿನಲ್ಲಿ ಸುಳ್ಳಿಲ್ಲ, ಹೇಳುವವರಲ್ಲಿ ಕನಿಕರ ಇಲ್ಲದೆಯೂ ಇಲ್ಲ. ಆದರೆ ಅದನ್ನು ಕೇಳುತ್ತ ಮೂಲೆಯಲ್ಲಿ ಕುಳಿತ ಮೊಮ್ಮಗನಿಗೋ ಮೊಮ್ಮಗಳಿಗೋ ಅದರ ಅರ್ಥ ಬೇರೆಯಾಗಿಯೇ ತೋರುತ್ತದೆ: ಇಲ್ಲಿ ಅಳುವುದಕ್ಕೆ ಕಾರಣವಿಲ್ಲ, ಆದುದರಿಂದ ಅಳಬಾರದು. ಸತ್ತವರ ವಯಸ್ಸನ್ನು ಎಣಿಸಿ ಉಳಿದವರ ದುಃಖವನ್ನು ಅಳೆಯುವ ಈ ಲೆಕ್ಕ ಸರಿಯಲ್ಲವೆಂದು ನನ್ನ ಅಭಿಪ್ರಾಯ.

ನಮ್ಮ ಕಾವ್ಯಪರಂಪರೆಯೂ ಬಹುಮಟ್ಟಿಗೆ ಇದೇ ಲೆಕ್ಕವನ್ನು ಹಿಡಿದಂತಿದೆ. ರನ್ನನ ದುರ್ಯೋಧನನು ರಣರಂಗದಲ್ಲಿ ತಮ್ಮನನ್ನೂ ಗೆಳೆಯನನ್ನೂ ಕಂಡು ಶೋಕಿಸುತ್ತಾನೆ. ರಾಘವಾಂಕನ ಚಂದ್ರಮತಿ ಹಾವು ಕಚ್ಚಿ ಸತ್ತ ಲೋಹಿತಾಶ್ವನಿಗಾಗಿ ಗೋಳಿಡುತ್ತಾಳೆ. ನಮಗೆ ಹತ್ತಿರದ ಕಾಲದಲ್ಲಿ ಬೇಂದ್ರೆಯವರು ತಮ್ಮ ಮಗುವಿನ ಸಾವನ್ನು ಕವಿತೆಯಾಗಿಸಿದರು. ಎಲ್ಲವೂ ಅಕಾಲಮರಣಗಳು. ಹಣ್ಣಾದ ಜೀವದ ಸಾವಾದರೋ ಕರುಣರಸಕ್ಕಿಂತ ಹಾಸ್ಯಕ್ಕೇ ಹೆಚ್ಚು ಒದಗಿದೆ. 2015ರ ‘ತಿಥಿ’ ಚಲನಚಿತ್ರವನ್ನು ಕಂಡವರಿಗೆ ಇದು ಗೊತ್ತು: 101 ವರ್ಷದ ಮುದುಕ ಸತ್ತರೆ ಮಗ, ಮೊಮ್ಮಗ, ಮರಿಮಗ ಮೂವರೂ ತಮ್ಮ ತಮ್ಮ ದಾರಿ ಹಿಡಿದು ನಡೆಯುತ್ತಾರೆ. ಚಿತ್ರ ಸೊಗಸಾದುದೇ. ಅದು ತೋರಿಸುವುದೂ ಲೋಕದಲ್ಲಿ ಇಲ್ಲದ್ದನ್ನಲ್ಲ. ಹಣ್ಣೆಲೆ ಉದುರುವಾಗ ಕಾಯೆಲೆ ನಕ್ಕಿತೆಂದು ನಮ್ಮ ಗಾದೆಯೂ ಹೇಳುತ್ತದೆ. ನಗದೆ ನಡುಗಿದ ಕಾಯೆಲೆಗಳೂ ಇವೆಯೆಂಬುದನ್ನು ಹೇಳುವ ಗಾದೆಯೊಂದು ಹುಟ್ಟಬೇಕಾಗಿತ್ತು.

ಮುದಿತನದ ಸಾವು ಸಹಜವಲ್ಲವೇ ಎಂದು ಕೇಳಬಹುದು. ಸಹಜವೇ ಸರಿ. ಮಗಳನ್ನು ಗಂಡನ ಮನೆಗೆ ಕಳುಹಿಸುವುದೂ ಸಹಜವೇ. ಆಗ ಕಣ್ಣೊರೆಸಿಕೊಳ್ಳುವ ತಾಯಿಯನ್ನು ಯಾರೂ ಆಕ್ಷೇಪಿಸುವುದಿಲ್ಲ.

ಕಾಲೇಜುಗಳ ಅಧ್ಯಾಪಕರ ಕೊಠಡಿಯಲ್ಲಿ ಹಳೆಯದೊಂದು ಹಾಸ್ಯವುಂಟು: ಪರೀಕ್ಷೆ ಹತ್ತಿರ ಬಂದಾಗಲೆಲ್ಲ ವಿದ್ಯಾರ್ಥಿಗಳ ಅಜ್ಜಿಯರು ಸಾಯುತ್ತಾರೆ, ಕೆಲವರ ಅಜ್ಜಿಯರು ವರ್ಷಕ್ಕೆ ಎರಡು ಬಾರಿ. ಇದಕ್ಕೆ ಆಧಾರವೇ ಇಲ್ಲವೆನ್ನಲಾರೆ. ಆದರೆ ಇದರ ದೆಸೆಯಿಂದ ನಿಜವಾಗಿಯೂ ಅಜ್ಜಿಯನ್ನು ಕಳೆದುಕೊಂಡವನು ರಜೆಯ ಅರ್ಜಿ ಬರೆಯಲು ನಾಚುವಂತಾಗಿದೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಅಂತಹವನೊಬ್ಬನಿದ್ದ. ತಂದೆತಾಯಿ ಕಟ್ಟಡದ ಕೆಲಸಕ್ಕೆಂದು ಬೆಂಗಳೂರು ಸೇರಿದ್ದರು. ಎಂಟು ತಿಂಗಳ ಕೂಸಾಗಿದ್ದಾಗಿನಿಂದ ಹಳ್ಳಿಯಲ್ಲಿ ಅವನನ್ನು ಸಾಕಿದವಳು ತಾಯಿಯ ತಾಯಿ. ಆಕೆ ತೀರಿಕೊಂಡ ನಾಲ್ಕನೆಯ ದಿನವೇ ಅವನು ತರಗತಿಗೆ ಬಂದ. ಶೇಕಡ 75 ಹಾಜರಿಯ ಭಯವಿರಬೇಕೆಂದುಕೊಂಡು, ಇಷ್ಟು ಬೇಗ ಏಕೆ ಬಂದೆಯಪ್ಪಾ ಎಂದು ಕೇಳಿದೆ. “ಊರಲ್ಲಿ ಎಲ್ಲಾರೂ ‘ವಯಸ್ಸಾಗಿತ್ತು ಬಿಡಪ್ಪ’ ಅಂತಾರೆ ಸಾರ್. ಇಲ್ಲಿ ಯಾರಿಗೂ ಗೊತ್ತಿಲ್ಲ, ಅದಕ್ಕೇ ಬಂದೆ” ಎಂದ. ಸ್ವಲ್ಪ ತಡೆದು, “ನಾನು ಮೊದಲು ಹೆಜ್ಜೆ ಇಟ್ಟದ್ದು, ಮಾತು ಕಲ್ತದ್ದು ನೋಡಿದೋರು ಅವರೊಬ್ಬರೇ ಸಾರ್” ಎಂದ.

ಆ ಕೊನೆಯ ಮಾತನ್ನು ವಾಚಕರು ಗಮನಿಸಬೇಕು. ನಮ್ಮ ಬಾಲ್ಯದ ಮೊದಲ ಕೆಲವು ವರ್ಷಗಳು ನಮ್ಮ ನೆನಪಿನಲ್ಲಿಲ್ಲ. ಅವು ಬೇರೊಬ್ಬರ ನೆನಪಿನಲ್ಲಿ ಠೇವಣಿಯಾಗಿರುತ್ತವೆ. ಆ ನೆನಪು ಅಳಿದ ದಿನ ಮೊಮ್ಮಗನ ಆಯುಸ್ಸಿನ ಒಂದು ಭಾಗವೂ ಸಾಕ್ಷಿಯಿಲ್ಲದೆ ಹೋಗುತ್ತದೆ. ‘ಆಕೆಗೆ ಎಷ್ಟು ವಯಸ್ಸಾಗಿತ್ತು’ ಎಂಬ ಪ್ರಶ್ನೆಗೆ ಈ ನಷ್ಟ ನಿಲುಕುವುದಿಲ್ಲ. ನಮ್ಮ ಆಚಾರಗಳಿಗೂ ಇದು ಪೂರ್ತಿ ನಿಲುಕಿಲ್ಲ. ನಮ್ಮ ಮನೆಯ ಪದ್ಧತಿಯಲ್ಲಿ ಮಗನ ಮಕ್ಕಳಿಗೆ ಹತ್ತು ದಿನದ ಸೂತಕ, ಮಗಳ ಮಕ್ಕಳಿಗೆ ಮೂರು ದಿನದ್ದು. ಶಾಸ್ತ್ರವು ರಕ್ತದ ದಾರಿಯನ್ನು ಎಣಿಸುತ್ತದೆ. ಎತ್ತಿ ಆಡಿಸಿದ ಕೈಯನ್ನು ಎಣಿಸುವುದಿಲ್ಲ. ಚಿಕ್ಕವರನ್ನಂತೂ ಆ ದಿನ ಪಕ್ಕದ ಮನೆಗೆ ಕಳುಹಿಸಿಬಿಡುತ್ತಾರೆ. ಹಿಂದಿರುಗಿ ಬಂದ ಮಗುವಿಗೆ ಬರಿದಾದ ಮಂಚ ಕಾಣುತ್ತದೆ, ವಿವರಣೆ ಸಿಕ್ಕುವುದಿಲ್ಲ. ಇದು ದಯೆಯೆಂದು ನನಗೆ ತೋರುವುದಿಲ್ಲ. ಮಗುವಿಗೂ ಒಂದು ಹೂವನ್ನು ಇಡಲು, ಒಂದು ತಂಬಿಗೆ ನೀರನ್ನು ತರಲು ಬಿಡಬೇಕು.

ಇನ್ನೊಂದು ಆತುರವನ್ನೂ ಬಿಟ್ಟರೆ ಒಳ್ಳೆಯದು. ಹದಿಮೂರು ದಿನ ಕಳೆಯುವಷ್ಟರಲ್ಲಿ ಅಜ್ಜಿಯ ಸಾಮಾನುಗಳೆಲ್ಲ ದಾನವಾಗಿಯೋ ಕಸವಾಗಿಯೋ ಹೋಗಿಬಿಡುತ್ತವೆ. ನಮ್ಮ ಅಜ್ಜಿಯ ಎಲೆಯಡಿಕೆ ಸಂಚಿಯನ್ನು ಯಾರೋ ಪುಣ್ಯಾತ್ಮರು ಸೋಪು ಹಾಕಿ ಒಗೆದು ಹಗ್ಗದ ಮೇಲೆ ಒಣಹಾಕಿದ್ದರು. ಸಂಚಿ ಉಳಿಯಿತು, ಸುಣ್ಣ, ಅಡಿಕೆ, ಲವಂಗಗಳು ನಲವತ್ತು ವರ್ಷ ಬೆರೆತು ಆಗಿದ್ದ ವಾಸನೆ ಹೋಯಿತು. ಅಂತೆಯೇ ಆಕೆಯನ್ನು ಒಂದೇ ವಾರದಲ್ಲಿ ದೇವತೆಯನ್ನಾಗಿ ಮಾಡುವ ಆತುರವೂ ಬೇಡ. ನಮ್ಮ ಅಜ್ಜಿಗೆ ಸಿಟ್ಟಿತ್ತು, ಸೊಸೆಯರಲ್ಲಿ ಪಕ್ಷಪಾತವಿತ್ತು, ಇಸ್ಪೀಟಿನಲ್ಲಿ ಮೋಸವಿತ್ತು. ಇವನ್ನು ಹೇಳಿಕೊಂಡು ಮೊಮ್ಮಕ್ಕಳೆಲ್ಲ ಒಂದು ರಾತ್ರಿ ನಕ್ಕೆವು. ನಗುತ್ತಿರುವಾಗಲೇ ನಮಗೆ ಅಳು ಬಂದುದು. ಗೋಡೆಗೆ ತೂಗಿದ ಭಾವಚಿತ್ರದ ಮುಂದೆ ಅದು ಬಂದಿರಲಿಲ್ಲ.

ಭಾಷೆಯನ್ನು ಕಲಿಸುವವನಾದುದರಿಂದ ಮಾತುಗಳ ವಿಷಯವಾಗಿಯೂ ಒಂದಿಷ್ಟು ಹೇಳಬೇಕು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಹೊರತರದಿದ್ದರೆ ಬೀಸುವ ಕಲ್ಲಿನ ಮುಂದೆ ಹುಟ್ಟಿದ ಎಷ್ಟೋ ತ್ರಿಪದಿಗಳು ಹಾಡಿದವರೊಡನೆಯೇ ಮಣ್ಣಾಗುತ್ತಿದ್ದವು. ಆದರೆ ನಾನು ಹೇಳುತ್ತಿರುವುದು ಸಂಗ್ರಹದ ಮಾತಲ್ಲ. ಅಜ್ಜಿಯ ಪದಗಳನ್ನು ಬಳಸುತ್ತಿರುವುದು ದುಃಖವನ್ನು ಸೈರಿಸುವ ಒಂದು ಬಗೆ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆಯಾಯಿತು. ನಮ್ಮ ಅಜ್ಜಿ ಕಡೆಯವರೆಗೂ ಆಣೆಯನ್ನು ಬಿಡಲಿಲ್ಲ. 2011ರಲ್ಲಿ ಸರ್ಕಾರವು 25 ಪೈಸೆಯ ನಾಣ್ಯವನ್ನೇ ಹಿಂತೆಗೆದುಕೊಂಡಿತು. ಆಕೆಯ ನಾಲ್ಕಾಣೆ ಮಾತ್ರ ಚಲಾವಣೆಯಲ್ಲಿಯೇ ಇತ್ತು. ಅಕ್ಕಿಯನ್ನು ಅಳೆಯುತ್ತಿದ್ದುದು ಪಾವಿನಲ್ಲಿ. ಅಜ್ಜಿಯಿಲ್ಲದ ಮನೆ ಮಜ್ಜಿಗೆಯಿಲ್ಲದ ಊಟವೆಂಬ ಗಾದೆಯನ್ನು ತನಗೆ ತಾನೇ ಹೇಳಿಕೊಂಡು ಹಿಗ್ಗುತ್ತಿದ್ದಳು. ಆ ಪಾವು ಈಗ ನನ್ನ ತಂಗಿಯ ಮನೆಯ ಅಕ್ಕಿಯ ಡಬ್ಬದಲ್ಲಿದೆ. ಅವಳ ಮಗಳು ಏಳು ವರ್ಷದವಳು, ಕಿಲೋಗ್ರಾಮನ್ನು ಶಾಲೆಯಲ್ಲಿ ಕಲಿತಿದ್ದಾಳೆ. ಹಬ್ಬದ ದಿನ ನಾನು ಊಟಕ್ಕೆ ಹೋದಾಗ ಅವಳು ಡಬ್ಬದೊಳಗೆ ಕೈಯಿಟ್ಟು, “ಮಾವ, ನಿಂಗೆ ಮುತ್ತಜ್ಜಿ ಪಾವಲ್ಲಿ ಎಷ್ಟು ಹಾಕ್ಲಿ?” ಎಂದು ಕೇಳಿದಳು. ಒಂದು ಪಾವು ಹಾಕು, ತಲೆಗಟ್ಟಿ ಹಾಕು ಎಂದೆ.