ಆರದ ಹಳದಿ ದೀಪ

ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟದೊಂದು ಕಾರು, ಅದರ ಕೆಳಗೆ ಹಾವು ಹರಿದಂಥ ಎರಡು ಗೆರೆ. ಈ ಚಿತ್ರ ಹಳದಿ ಬಣ್ಣದಲ್ಲಿ ಹೊತ್ತಿಕೊಂಡು ಆರದೇ ಉಳಿದರೆ ಮನೆಮಂದಿಗೆಲ್ಲ ಕಸಿವಿಸಿ. ಕಾರು ಓಡುತ್ತದೆ, ಬ್ರೇಕು ಹಿಡಿಯುತ್ತದೆ, ದೀಪ ಮಾತ್ರ ಆರುವುದಿಲ್ಲ. ಗ್ಯಾರೇಜಿನಲ್ಲಿ 'ಕಂಪ್ಯೂಟರೇ ಹೋಗಿದೆ ಸಾರ್' ಎಂದುಬಿಟ್ಟರೆ ತಿಂಗಳ ಸಂಬಳ ಅಲ್ಲಿಗೇ ಹೋಯಿತೆಂದು ಲೆಕ್ಕ. ಆದರೆ ಹತ್ತರಲ್ಲಿ ಹಲವು ಸಲ ದೋಷ ಇರುವುದು ಕಂಪ್ಯೂಟರಿನಲ್ಲಲ್ಲ, ಚಕ್ರದ ಪಕ್ಕದ ಒಂದು ತಂತಿಯಲ್ಲಿ. ಅದನ್ನು ಅರಿಯಲು ಪಿಯುಸಿಯ ಭೌತವಿಜ್ಞಾನ ಸಾಕು.

ಕೆಸರಿನಲ್ಲಿ ಸಿಕ್ಕ ಕಾರಿನ ಚಕ್ರ ಗರಗರ ತಿರುಗುವುದನ್ನು ನೀವು ನೋಡಿಯೇ ಇರುತ್ತೀರಿ. ಉರುಳುವ ಚಕ್ರಕ್ಕೆ ರಸ್ತೆಯೊಡನೆ ಇರುವುದು ಸ್ಥಿತ ಘರ್ಷಣೆ. ಅದು ಜಾರತೊಡಗಿದೊಡನೆ ಚಲನ ಘರ್ಷಣೆ. ಇದರ ಹಿಡಿತ ಕಡಿಮೆ. ಜಾರುವ ಚಕ್ರಕ್ಕೆ ಎಷ್ಟು ಶಕ್ತಿ ಕೊಟ್ಟರೂ ವ್ಯರ್ಥ. ಟ್ರ್ಯಾಕ್ಷನ್ ಕಂಟ್ರೋಲ್ ಎಂಬ ವ್ಯವಸ್ಥೆ ಅಂಥ ಚಕ್ರವನ್ನು ಗುರುತಿಸಿ ಅದಕ್ಕೆ ತುಸು ಬ್ರೇಕು ಹಾಕುತ್ತದೆ, ಇಲ್ಲವೇ ಎಂಜಿನ್ನಿನ ಬಲವನ್ನು ತಗ್ಗಿಸುತ್ತದೆ. ಜರ್ಮನಿಯ ಬಾಷ್ ಕಂಪನಿ 1978ರಲ್ಲಿ ಎಬಿಎಸ್ ಬ್ರೇಕನ್ನೂ 1986ರಲ್ಲಿ ಇದನ್ನೂ ಮಾರುಕಟ್ಟೆಗೆ ತಂದಿತು. ಎರಡಕ್ಕೂ ಕಣ್ಣು ಒಂದೇ: ಪ್ರತಿ ಚಕ್ರದ ಬಳಿ ಇರುವ ವೇಗ ಸಂವೇದಕ, ಅಂದರೆ ಸೆನ್ಸರ್.

ಹಳೆಯ ಬಗೆಯ ಸೆನ್ಸರಿನಲ್ಲಿ ಒಂದು ಅಯಸ್ಕಾಂತ, ಅದರ ಸುತ್ತ ತಂತಿಯ ಸುರುಳಿ. ಎದುರಿಗೆ ಚಕ್ರದೊಡನೆ ತಿರುಗುವ ಹಲ್ಲಿನ ಉಂಗುರ. ಒಂದೊಂದು ಹಲ್ಲು ಹಾದಾಗಲೂ ಕಾಂತಕ್ಷೇತ್ರ ಬದಲಾಗಿ ವಿದ್ಯುತ್ತಿನ ಮಿಡಿತ ಹುಟ್ಟುತ್ತದೆ, ಫ್ಯಾರಡೆಯ ನಿಯಮವೇ. ಲೆಕ್ಕ ಹಾಕಿ ನೋಡಿ. ಟೈರಿನ ವ್ಯಾಸ 60 ಸೆಂ.ಮೀ., ಉಂಗುರಕ್ಕೆ 48 ಹಲ್ಲು ಇದ್ದರೆ, ಗಂಟೆಗೆ 36 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 255 ಮಿಡಿತ. ಮೂರು ಚಕ್ರ 255 ಎನ್ನುವಾಗ ನಾಲ್ಕನೆಯದು ಹೆಚ್ಚು ಎಂದರೆ, ಅದು ಜಾರುತ್ತಿದೆ ಎಂದು ಕಂಪ್ಯೂಟರ್ ತಿಳಿಯುತ್ತದೆ. ಏನೂ ಹೇಳದಿದ್ದರೆ ತನಗೆ ಕಣ್ಣಿಲ್ಲವೆಂದು ಕೆಲಸ ನಿಲ್ಲಿಸಿ ದೀಪ ಹೊತ್ತಿಸುತ್ತದೆ.

ಹಾಗಾಗಿ ಮೊದಲು ದೀಪವನ್ನೇ ಓದಬೇಕು. ಕೀಲಿ ತಿರುಗಿಸಿದಾಗ ಕೆಲವು ಸೆಕೆಂಡು ಹೊತ್ತಿ ಆರಿದರೆ ಅದು ಸ್ವಪರೀಕ್ಷೆ. ಮಳೆಯಲ್ಲಿ ಆಗುಂಬೆ ಘಾಟಿ ಹತ್ತುವಾಗ ಮಿಣಿಮಿಣಿ ಎಂದರೆ ವ್ಯವಸ್ಥೆ ತನ್ನ ಕೆಲಸ ಮಾಡುತ್ತಿದೆ. ಸದಾ ಹೊತ್ತಿದ್ದರೆ, ಯಾರಾದರೂ ಅದರ ಗುಂಡಿ ಒತ್ತಿ ಬಂದ್ ಮಾಡಿದ್ದಾರೆಯೇ ನೋಡಿ. (ಮಕ್ಕಳಿರುವ ಮನೆಯಲ್ಲಿ ಇದು ಅಪರೂಪವಲ್ಲ.) ಎಬಿಎಸ್ ದೀಪವೂ ಜೊತೆಗಿದ್ದರೆ ಅನುಮಾನ ಚಕ್ರದ ಸೆನ್ಸರಿನ ಮೇಲೆ. ಎಂಜಿನ್ ದೀಪ ಜೊತೆಗಿದ್ದರೆ ಮೂಲ ಎಂಜಿನ್ನಿನಲ್ಲಿ. ಅದನ್ನು ಸರಿಪಡಿಸಿದರೆ ಇದೂ ಆರುತ್ತದೆ. ಕೆಂಪು ಬ್ರೇಕ್ ದೀಪ ಹೊತ್ತಿದ್ದು ಹ್ಯಾಂಡ್‌ಬ್ರೇಕ್ ಇಳಿಸಿದರೂ ಆರದಿದ್ದರೆ ಮಾತ್ರ ಕಾರನ್ನು ಅಲ್ಲೇ ನಿಲ್ಲಿಸಿ, ಬ್ರೇಕ್ ಆಯಿಲ್ ನೋಡಿಸಿ. ಹಳದಿ ದೀಪವೊಂದೇ ಇದ್ದರೆ ಬ್ರೇಕು ಎಂದಿನಂತೆ ಹಿಡಿಯುತ್ತದೆ; ಒದ್ದೆ ರಸ್ತೆಯಲ್ಲಿ ನಿಧಾನವಾಗಿ ಹೋಗಬೇಕು, ಅಷ್ಟೆ.

ಖರ್ಚಿಲ್ಲದ ಪರೀಕ್ಷೆ ಟೈರಿನದು. ನಾಲ್ಕರಲ್ಲೂ ಗಾಳಿ ಸರಿಯಿದೆಯೇ, ಅಳತೆ ಒಂದೇ ಇದೆಯೇ ನೋಡಿ. 60 ಸೆಂ.ಮೀ. ಬದಲು 58 ಸೆಂ.ಮೀ. ಟೈರು ಒಂದು ಕಡೆ ಇದ್ದರೆ ಅದು ಶೇಕಡ 3ಕ್ಕಿಂತ ಹೆಚ್ಚು ಬೇಗ ತಿರುಗಿ, ಜಾರದೆಯೂ ಜಾರಿದಂತೆ ಸುಳ್ಳು ಹೇಳುತ್ತದೆ. ಸೊರಗಿದ ಬ್ಯಾಟರಿಯೂ ಈ ದೀಪ ಹೊತ್ತಿಸುವುದುಂಟು.

ಆಮೇಲೆ ಸ್ಕ್ಯಾನರ್. ಸ್ಟೀರಿಂಗ್ ಕೆಳಗಿನ ಕಿಂಡಿಗೆ ಅದನ್ನು ಸಿಕ್ಕಿಸಿದರೆ ದೋಷದ ಸಂಕೇತ ಬರುತ್ತದೆ. 'ಪಿ'ಯಿಂದ ಶುರುವಾದರೆ ಎಂಜಿನ್ನಿನ ಕಡೆಯದು, 'ಸಿ' ಎಂದರೆ ಬ್ರೇಕು ಮತ್ತು ಚಕ್ರಗಳ ಕಡೆಯದು. ಅಗ್ಗದ ಸ್ಕ್ಯಾನರುಗಳು ಹೆಚ್ಚಾಗಿ 'ಪಿ'ಯನ್ನಷ್ಟೇ ಓದಿ 'ದೋಷವಿಲ್ಲ' ಎನ್ನುತ್ತವೆ. ನಂಬಬೇಡಿ. ಹಲವು ಕಾರುಗಳಲ್ಲಿ ಸಿ0035 ಎಂದರೆ ಮುಂದಿನ ಎಡ ಚಕ್ರದ ಸೆನ್ಸರ್ ಮಂಡಲ. ಮಂಡಲ ಎಂಬ ಮಾತು ಮುಖ್ಯ. ಸೆನ್ಸರೇ ಸತ್ತಿದೆ ಎಂದು ಸಂಕೇತ ಹೇಳುತ್ತಿಲ್ಲ. ತಂತಿ, ಕನೆಕ್ಟರ್, ಉಂಗುರ ಯಾವುದೂ ಆಗಿರಬಹುದು. ಮುಂದಿನ ಚಕ್ರ ತಿರುಗಿಸಿದಾಗಲೆಲ್ಲ ತಂತಿ ಬಾಗುವುದರಿಂದ ಅಲ್ಲೇ ತುಂಡಾಗುವುದು ಹೆಚ್ಚು. ನಮ್ಮ ಬೀದಿಯ ಮೇಷ್ಟರೊಬ್ಬರಿಗೆ ಎಬಿಎಸ್ ಘಟಕವನ್ನೇ ಬದಲಿಸಬೇಕೆಂದು ಒಂದು ಗ್ಯಾರೇಜಿನವರು ಹೇಳಿದ್ದರು. ಕಡೆಗೆ ನೋಡಿದರೆ ಇಲಿ ಕಡಿದ ತಂತಿ! ಹೊಸ ತುಂಡು ಬೆಸೆದು ಟೇಪು ಸುತ್ತಿದ ಮೇಲೆ ದೀಪ ಆರಿತು.

ತಂತಿ ಸರಿಯಿದ್ದರೆ ಸೆನ್ಸರಿನ ತುದಿಗೆ ಅಂಟಿದ ಕೆಸರು, ಕಬ್ಬಿಣದ ಪುಡಿ ಒರೆಸಬೇಕು. ಉಂಗುರ ಬಿರುಕು ಬಿಟ್ಟಿದೆಯೇ ನೋಡಬೇಕು. ಸುರುಳಿಯ ಸೆನ್ಸರಾದರೆ ಮಲ್ಟಿಮೀಟರ್ ಸಾಮಾನ್ಯವಾಗಿ ಸಾವಿರ ಓಮ್ ಆಸುಪಾಸು ತೋರಿಸುತ್ತದೆ; ಅನಂತ ಎಂದರೆ ಒಳಗೇ ತುಂಡು. ಹೊಸ ಕಾರುಗಳ ಎಲೆಕ್ಟ್ರಾನಿಕ್ ಸೆನ್ಸರಿಗೆ ಈ ಪರೀಕ್ಷೆ ಸಲ್ಲ. ಅವುಗಳಲ್ಲಿ ಹಲ್ಲಿನ ಬದಲು ಬೇರಿಂಗಿನ ಅಂಚಿನಲ್ಲೇ ಕಾಂತದ ಪಟ್ಟಿ ಇರುತ್ತದೆ. ಬೇರಿಂಗನ್ನು ತಿರುವುಮುರುವಾಗಿ ಕೂರಿಸಿದರೆ ಹೊಸ ಬೇರಿಂಗಿನೊಡನೆಯೇ ಹೊಸ ದೀಪವೂ ಬರುತ್ತದೆ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಮಾತ್ರ ಯಾರೂ ನುಸುಳಬಾರದು.

ರಿಪೇರಿಯಾದ ಬಳಿಕ ಸಂಕೇತವನ್ನು ಅಳಿಸಿ, ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿಬನ್ನಿ. ನೇರ ರಸ್ತೆಯಲ್ಲಿ ಸ್ಕ್ಯಾನರಿನ ಪರದೆಯ ಮೇಲೆ ನಾಲ್ಕೂ ಚಕ್ರಗಳ ವೇಗ ಹೆಚ್ಚುಕಡಿಮೆ ಒಂದೇ ಇದ್ದರೆ ದುಡ್ಡು ಕೊಡಬಹುದು.