ಕಬ್ಬಿನ ಬಿಲ್ ಬರೋ ತನಕ ಚೆಂಡು ಮುಟ್ಟಬಾರದೇ?

‘ಊರಿಗೆ ಊರೇ ಚಿಂತ್ಯಾಗ ಐತಿ, ಇವರಿಗೆ ಆಟ ಬೇಕಾಗೇತಿ!’ ಎಂಬ ಮಾತನ್ನು ಈ ಸಲ ಚಿಮ್ಮಡದಲ್ಲಿ ನಮ್ಮ ವಯಸ್ಸಿನವರೆಲ್ಲ ಕೇಳಿದ್ದೇವೆ.

ಹಿರಿಯರು ಸುಮ್ಮನೆ ಹಾಗೆ ಅನ್ನುವುದಿಲ್ಲ. 2025ರ ನವೆಂಬರ್‌ನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಕೊಡಿ ಎಂದು ರೈತರು ಗುರ್ಲಾಪುರ ಕ್ರಾಸ್‌ನಲ್ಲಿ ದಿನಗಟ್ಟಲೆ ಕೂತರು. ಸರ್ಕಾರ 3,300 ಎಂದಿತು. ಮುಧೋಳ ಭಾಗದ ರೈತರು ಒಪ್ಪಲಿಲ್ಲ. ಸಮೀರವಾಡಿಯಲ್ಲಿ ಕಬ್ಬು ತುಂಬಿ ನಿಂತ ಟ್ರಾಲಿಗಳು ಹೊತ್ತಿ ಉರಿದವು. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳ ಕಷ್ಟ ಬೇರೆ. ನೂಲಿನ ದರ ಏರಿದಷ್ಟು ಸೀರೆಯ ದರ ಏರುವುದಿಲ್ಲ. ನಮ್ಮ ತರಗತಿಯಲ್ಲಿ ಎರಡೂ ಬಗೆಯ ಮನೆಯವರಿದ್ದೇವೆ.

ಆದರೂ ಆಟ ಬೇಕು, ತಿರುಗಾಟ ಬೇಕು ಎಂದೇ ನಾನು ಹೇಳುವುದು.

ಅದೇ ತಿಂಗಳ ಒಂದು ಭಾನುವಾರ ಅಸರ್ ಆದ ಮೇಲೆ ನಾವು ಆರು ಹುಡುಗಿಯರು, ಜೊತೆಗೆ ನಮ್ಮ ಖಾಲಾ, ಹೊಲದ ದಾರಿ ಹಿಡಿದೆವು. ಒಂದು ಕಡೆ ಆಳೆತ್ತರ ಮೀರಿದ ಕಬ್ಬು, ಇನ್ನೊಂದು ಕಡೆ ಅರಿಷಿಣ. ಅರಿಷಿಣದ ಎಲೆ ಕಿತ್ತು ಉಜ್ಜಿದರೆ ಕೈಯ ವಾಸನೆ ರಾತ್ರಿ ಊಟದ ತನಕ ಹೋಗುವುದಿಲ್ಲ. ನೀರು ಬಿಟ್ಟ ಹೊಲದಲ್ಲಿ ಬೆಳ್ಳಕ್ಕಿಗಳು ನಮಗೆ ಹೆದರದೆ ನಿಂತಿದ್ದವು. ನಮ್ಮಲ್ಲೊಬ್ಬಳು ಹದಿನೈದು ದಿನದಿಂದ ಕ್ಲಾಸಿನಲ್ಲಿ ಬಾಯಿ ಬಿಟ್ಟಿರಲಿಲ್ಲ. ಮನೆಯ ಸಾಲದ ವಿಷಯವನ್ನು ಆ ದಾರಿಯಲ್ಲೇ ಹೇಳಿದಳು. ಕಾಲುದಾರಿಯಲ್ಲಿ ಒಬ್ಬರ ಹಿಂದೊಬ್ಬರು ನಡೆಯುವಾಗ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಅದಕ್ಕೇ ಇರಬೇಕು ಮಾತು ಸಲೀಸಾಗಿ ಬಂತು. ಮನೆಯಲ್ಲೇ ಕೂತಿದ್ದರೆ ಅವಳ ಸಾಲ ಒಂದು ರೂಪಾಯಿಯೂ ಕಡಿಮೆ ಆಗುತ್ತಿರಲಿಲ್ಲ.

ಮುಂದೆ ಹರಗಿ ಬಿಟ್ಟ ಹೊಲದಲ್ಲಿ ಹುಡುಗರ ಫುಟ್‌ಬಾಲ್ ನಡೆದಿತ್ತು. (ಕಬ್ಬು ಕಡಿದ ಹೊಲದಲ್ಲಿ ಆಡಿ ನೋಡಿ, ಕೂಳೆ ಚುಚ್ಚಿ ಕಾಲೇ ಇರುವುದಿಲ್ಲ.) ನಾಲ್ಕು ಚಪ್ಪಲಿಗಳೇ ಗೋಲ್ ಪೋಸ್ಟ್. ಕಬ್ಬು ಕಡಿಯುವ ಗ್ಯಾಂಗಿನ ಇಬ್ಬರು ಹುಡುಗರೂ ಸೇರಿದ್ದರು. ಅವರ ಮರಾಠಿ ಇವರಿಗೆ ಅರ್ಧಂಬರ್ಧ, ಇವರ ಕನ್ನಡ ಅವರಿಗೆ ಅಷ್ಟೂ ಇಲ್ಲ. ಪಾಸ್ ಮಾತ್ರ ಸರಿಯಾಗಿಯೇ ಹೋಗುತ್ತಿತ್ತು. ಕೊನೆಗೆ ಎಷ್ಟು ಗೋಲು ಎಂಬ ಜಗಳ ಇನ್ನೂ ಮುಗಿದಿಲ್ಲ.

ಎಲ್ಲ ಖುಷಿಯೂ ಸರಿ ಅನ್ನುತ್ತಿಲ್ಲ. ದುಃಖದಲ್ಲಿರುವ ಮನೆಯ ಮುಂದೆ ಡಿಜೆ ಹಚ್ಚಿ ಕುಣಿಯುವುದು ಹೊಲಸು ಕೆಲಸ. ಆದರೆ ಕಷ್ಟದಲ್ಲಿದ್ದವನನ್ನೂ ‘ಬಾರೋ, ಒಬ್ಬ ಕಡಿಮೆ ಇದ್ದೀವಿ’ ಎಂದು ಕರೆಯುವ ಆಟ ಅಂಥದ್ದಲ್ಲ.

2007ರಲ್ಲಿ ಇರಾಕ್ ಯುದ್ಧದಲ್ಲಿ ಬೇಯುತ್ತಿತ್ತು. ಶಿಯಾ, ಸುನ್ನಿ, ಕುರ್ದ್ ಆಟಗಾರರು ಒಂದೇ ತಂಡದಲ್ಲಿ ಆಡಿ ಏಷ್ಯಾ ಕಪ್ ಫೈನಲ್ ತಲುಪಿದರು. ಸೆಮಿಫೈನಲ್ ಗೆದ್ದ ಖುಷಿಗೆ ಬಾಗ್ದಾದಿನಲ್ಲಿ ಬೀದಿಗಿಳಿದವರ ನಡುವೆ ಬಾಂಬ್ ಸಿಡಿದು ಸುಮಾರು 50 ಜನ ಸತ್ತರು. ಇನ್ನು ಆಟ ಸಾಕು ಎಂದಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆದರೆ ಜುಲೈ 29ರಂದು ಜಕಾರ್ತದಲ್ಲಿ ಆಡಿದರು. ನಾಯಕ ಯೂನಿಸ್ ಮಹಮೂದ್ ಹೆಡರ್‌ನಿಂದ ಹೊಡೆದ ಒಂದೇ ಗೋಲಿಗೆ ಸೌದಿ ಅರೇಬಿಯಾ ಸೋತಿತು. ಆ ಕಪ್ಪಿನಿಂದ ಯುದ್ಧ ನಿಲ್ಲಲಿಲ್ಲ, ನಿಜ. ಸತ್ತವರನ್ನು ಮರೆತು ಆಡಿದರೆಂದು ಮಾತ್ರ ಹೇಳಲಾಗದು.

ಫುಟ್‌ಬಾಲ್ ನಮ್ಮ ಕಡೆಯ ಆಟವಲ್ಲ, ಕುಸ್ತಿ-ಕಬಡ್ಡಿ ನಮ್ಮವು ಎನ್ನುವವರಿಗೊಂದು ಮಾತು: 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದದ್ದು ನಮ್ಮ ಕರ್ನಾಟಕವೇ.

ಈಗ ಕೇಳಬೇಕಾದದ್ದನ್ನು ಕೇಳುತ್ತೇನೆ. ಪರೀಕ್ಷೆ ಹತ್ತಿರ ಬಂತೆಂದು ಆಟದ ಪಿರಿಯಡ್ ತೆಗೆಯಬೇಡಿ. ವಾರಕ್ಕೊಂದು ಸಂಜೆ ಮೈದಾನವನ್ನು ಹುಡುಗಿಯರಿಗೂ ಬಿಡಿ. ಅಂದು ನಾವು ಬದುವಿನ ಮೇಲೆ ನಿಂತು ನೋಡಿದೆವು, ಅಷ್ಟೇ. ಒಂದು ಚೆಂಡು ಕೊಟ್ಟರೆ ಸಾಕು. ಗಾಳಿ ಹಾಕುವ ಪಂಪು ನಮ್ಮ ಮನೆಯಲ್ಲಿದೆ.